ಆವಿಷ್ಕಾರದಾಚೆಗೂ ನೋಡಲು ಕಲಿಸುವ ಕೋರ್ಸು, ಇಸವಿಯನ್ನಷ್ಟೇ ಕೇಳುವ ಪರೀಕ್ಷೆ

ತಂತ್ರಜ್ಞಾನದ ಇತಿಹಾಸವನ್ನು ಪರಿಚಯಿಸುವ ಹತ್ತು ವಾರಗಳ ಆನ್‌ಲೈನ್ ಕೋರ್ಸೊಂದನ್ನು ಇತ್ತೀಚೆಗೆ ಮುಗಿಸಿದೆ. ಯಂತ್ರದ ಹೆಸರು, ಅದನ್ನು ಕಂಡುಹಿಡಿದವರ ಹೆಸರು, ಇಸವಿ ಇಷ್ಟನ್ನೇ ಇತಿಹಾಸವೆಂದು ಒಪ್ಪಿಸುವ ಕೋರ್ಸುಗಳನ್ನು ಹಿಂದೆ ಎರಡು ಸಲ ಅರ್ಧಕ್ಕೇ ಕೈಬಿಟ್ಟಿದ್ದ ನನಗೆ, ಇದು ಆ ಸಾಲಿಗೆ ಸೇರಿದ್ದಲ್ಲ ಎಂಬುದು ಮೊದಲ ವಾರದಲ್ಲೇ ಮನವರಿಕೆಯಾಯಿತು. 1958ರಲ್ಲಿ ಈ ಅಧ್ಯಯನಕ್ಕೆಂದೇ ಅಮೆರಿಕದಲ್ಲಿ ವಿದ್ವತ್ ಸಂಘವೊಂದು ಹುಟ್ಟಿದ್ದನ್ನೂ, ಅದರ ಸ್ಥಾಪಕರಲ್ಲೊಬ್ಬರಾದ ಮೆಲ್ವಿನ್ ಕ್ರಾನ್ಸ್‌ಬರ್ಗ್, ತಂತ್ರಜ್ಞಾನ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ, ಹಾಗೆಂದು ತಟಸ್ಥವೂ ಅಲ್ಲ ಎಂದು ವಾದಿಸಿದ್ದನ್ನೂ ಹೇಳಿ, ಉಳಿದ ಪಾಠಗಳನ್ನು ಆ ಮಾತಿನ ಬೆಳಕಿನಲ್ಲೇ ನಡೆಸುತ್ತಾರೆ.

ಕೋರ್ಸಿನ ತಿರುಳಿರುವುದು ಉಗಿಯಂತ್ರದ ಎರಡು ವಾರಗಳಲ್ಲಿ. ಗಣಿಯ ನೀರೆತ್ತಲು 1712ರಲ್ಲಿ ಥಾಮಸ್ ನ್ಯೂಕೊಮೆನ್ ನಿಲ್ಲಿಸಿದ ಯಂತ್ರದಲ್ಲಿ, ಸಿಲಿಂಡರಿನೊಳಗಿನ ಹಬೆಗೆ ತಣ್ಣೀರು ಚಿಮ್ಮಿಸಿ ನಿರ್ವಾತ ಉಂಟುಮಾಡಿದಾಗ, ಪಿಸ್ಟನ್ನನ್ನು ಕೆಳಗೆ ಒತ್ತುತ್ತಿದ್ದದ್ದು ಹೊರಗಿನ ಗಾಳಿಯ ಒತ್ತಡ. ಪ್ರತಿ ಸಲವೂ ತಣ್ಣಗಾದ ಸಿಲಿಂಡರನ್ನು ಮತ್ತೆ ಕಾಯಿಸಬೇಕಾದ್ದರಿಂದ ಕಲ್ಲಿದ್ದಲು ಹೇರಳವಾಗಿ ಪೋಲಾಗುತ್ತಿತ್ತು. ಹಬೆಯನ್ನು ಬೇರೆಯೇ ಪಾತ್ರೆಯಲ್ಲಿ ತಣಿಸುವ ಉಪಾಯ 1765ರಲ್ಲಿ ಜೇಮ್ಸ್ ವಾಟ್‌ಗೆ ಹೊಳೆಯಿತು. ಸಾಮಾನ್ಯ ಪಠ್ಯಗಳು ಇಲ್ಲಿಗೆ ಕಥೆ ಮುಗಿಸುತ್ತವೆ, ಈ ಕೋರ್ಸು ಇಲ್ಲಿಂದ ಶುರುಮಾಡುತ್ತದೆ. ಕಲ್ಲಿದ್ದಲನ್ನು ಹಡಗಿನಲ್ಲಿ ತರಿಸಬೇಕಿದ್ದ ಇಂಗ್ಲೆಂಡಿನ ಕಾರ್ನ್‌ವಾಲ್‌ನ ತವರ, ತಾಮ್ರದ ಗಣಿಗಳಲ್ಲಿ ವಾಟ್‌ನ ಯಂತ್ರ ಬೇಗ ನೆಲೆಯೂರಿತು. ಉಳಿತಾಯವಾದ ಇಂಧನದ ಬೆಲೆಯಲ್ಲಿ ಮೂರನೆಯ ಒಂದು ಪಾಲನ್ನು ಗಣಿಯವರು ವಾಟ್ ಮತ್ತು ಅವನ ಪಾಲುದಾರ ಬೋಲ್ಟನ್‌ಗೆ ಕಟ್ಟುತ್ತಿದ್ದರು. ಆದರೆ ಮಾರಲಾಗದ ಪುಡಿ ಕಲ್ಲಿದ್ದಲು ಗಣಿಯ ಬಾಯಲ್ಲೇ ರಾಶಿ ಬಿದ್ದಿರುತ್ತಿದ್ದ ಕಲ್ಲಿದ್ದಲು ಗಣಿಗಳಲ್ಲಿ, ಆ ದುಂದುಗಾರ ಹಳೆಯ ಯಂತ್ರವೇ ದಶಕಗಳ ಕಾಲ ನೀರೆತ್ತುತ್ತಿತ್ತು. ಹೊಸದು ಬಂದೊಡನೆ ಹಳೆಯದು ಮೂಲೆ ಸೇರುತ್ತದೆಂಬ ನಮ್ಮ ಎಣಿಕೆ ಎಷ್ಟು ಹುಸಿ ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ನನಗೆ ಗೊತ್ತಿಲ್ಲ. (ಕೆಟಲಿನ ಮುಚ್ಚಳ ಕುಣಿಯುವುದನ್ನು ಬಾಲಕ ವಾಟ್ ನೋಡಿ ಉಗಿಯಂತ್ರ ಕಂಡುಹಿಡಿದನೆಂಬ ದಂತಕಥೆ ಇಲ್ಲಿ ಬರುವುದೇ ಇಲ್ಲ, ಅದಕ್ಕೂ ಒಂದು ಅಂಕ ಹೆಚ್ಚು ಕೊಡುತ್ತೇನೆ.)

ಸೈಕಲ್ಲಿನ ಪಾಠವೂ ಸೊಗಸಾಗಿದೆ. ಡನ್‌ಲಪ್ 1888ರಲ್ಲಿ ಪೇಟೆಂಟ್ ಪಡೆದ ಗಾಳಿ ಟೈರು, ಕೆಲವರಿಗೆ ಕುಲುಕಾಟ ತಗ್ಗಿಸುವ ಸಾಧನವಾಗಿ ಕಂಡರೆ, ಪಂದ್ಯದ ಸವಾರರಿಗೆ ಮೊದಲು ನಗೆಪಾಟಲಾಗಿ, ಗೆಲುವು ತಂದುಕೊಟ್ಟ ಮೇಲಷ್ಟೇ ವೇಗದ ಸಾಧನವಾಗಿ ಕಂಡಿತು. ಒಂದೇ ವಸ್ತು ಬೇರೆ ಬೇರೆ ಗುಂಪುಗಳಿಗೆ ಬೇರೆ ಬೇರೆಯಾಗಿ ಕಾಣುತ್ತದೆಂಬ ಸಮಾಜಶಾಸ್ತ್ರಜ್ಞರಾದ ಪಿಂಚ್ ಮತ್ತು ಬೈಕರ್ ಅವರ 1984ರ ವಾದವನ್ನು ಇದರ ಮೂಲಕವೇ ಬಿಡಿಸಿ ಹೇಳಿದ್ದಾರೆ. ಮನೆಗೆಲಸದ ಯಂತ್ರಗಳು ಬಂದರೂ ಗೃಹಿಣಿಯ ದುಡಿಮೆಯ ಹೊತ್ತು ಅಷ್ಟಾಗಿ ಇಳಿಯಲಿಲ್ಲವೆಂದು ಇತಿಹಾಸಕಾರ್ತಿ ರೂತ್ ಶ್ವಾರ್ಟ್ಸ್ ಕೋವನ್ ತೋರಿಸಿಕೊಟ್ಟ ಭಾಗ ಮಾತ್ರ ಇನ್ನಷ್ಟು ದೀರ್ಘವಾಗಿರಬೇಕಿತ್ತು.

ಪೂರ್ವ ದೇಶಗಳ ವಿಷಯದಲ್ಲಿ ಕೋರ್ಸು ಕೈ ಬಿಗಿಹಿಡಿದಿದೆ. 1040ರ ದಶಕದಲ್ಲಿ ಚೀನಾದ ಬಿ ಶೆಂಗ್ ಮಣ್ಣಿನಿಂದ ಮಾಡಿದ ಬಿಡಿ ಅಚ್ಚುಗಳಿಗೂ, ಕೊರಿಯಾದಲ್ಲಿ 1377ರಲ್ಲೇ ಲೋಹದ ಅಚ್ಚಿನಲ್ಲಿ ಮುದ್ರಣಗೊಂಡ ಬೌದ್ಧ ಗ್ರಂಥಕ್ಕೂ ಸಿಕ್ಕಿರುವುದು ಒಂದೇ ಚಿಕ್ಕ ವಿಡಿಯೋ, ಯುರೋಪಿನ ಮುದ್ರಕ ಗುಟೆನ್‌ಬರ್ಗ್‌ಗೆ ಮೂರು.

ಇವೆಲ್ಲಕ್ಕಿಂತ ನನ್ನನ್ನು ಕೆಣಕಿದ್ದು ವಾರದ ಪರೀಕ್ಷೆ. ಮೊದಲಿಗನನ್ನು ಹುಡುಕುವ ಚಟ ಬಿಡಿ ಎಂದು ಪಾಠದುದ್ದಕ್ಕೂ ಹೇಳಿದವರೇ, ಕೊನೆಯಲ್ಲಿ ನಾಲ್ಕು ಆಯ್ಕೆ ಮುಂದಿಟ್ಟು, ಯಾರು ಮೊದಲು, ಯಾವ ಇಸವಿಯಲ್ಲಿ ಎಂದು ಕೇಳುತ್ತಾರೆ. ಹಳೆಯ ಯಂತ್ರ ಕಲ್ಲಿದ್ದಲು ಗಣಿಯಲ್ಲಿ ಏಕೆ ಉಳಿಯಿತು ಎಂಬ ಪ್ರಶ್ನೆ ಒಮ್ಮೆಯೂ ಬರಲಿಲ್ಲ. ಪ್ರಮಾಣಪತ್ರದ ಹಂಗಿಲ್ಲದವರು ಪರೀಕ್ಷೆಯನ್ನು ಬಿಟ್ಟು, ಪ್ರತಿ ಪಾಠದ ಜೊತೆ ಕೊಟ್ಟಿರುವ ಪೇಟೆಂಟ್ ಪತ್ರ ಹಾಗೂ ಯಂತ್ರದ ನಕ್ಷೆಗಳಿಗೆ ಆ ಸಮಯವನ್ನು ಕೊಡಬಹುದು. ನಾನು ಆರನೆಯ ವಾರದಿಂದ ಹಾಗೆಯೇ ಮಾಡಿದೆ.