ಬ್ರೆನ್‌ಹ್ಯಾಮ್‌ನಲ್ಲಿ ಬ್ಲಿನ್ ಕಾಲೇಜಿನ ಫುಟ್‌ಬಾಲ್ ಪಂದ್ಯ: ಹೋಗಬಹುದಾ?

ಹ್ಯೂಸ್ಟನ್‌ನಲ್ಲಿರುವ ಮಕ್ಕಳ ಮನೆಗೆ ಬರುವ ನಮ್ಮ ಕಡೆಯ ಅಪ್ಪ ಅಮ್ಮಂದಿರು ನೋಡುವ ಜಾಗಗಳು ಹೆಚ್ಚುಕಡಿಮೆ ಒಂದೇ. ನಾಸಾ, ಪೇರ್‌ಲ್ಯಾಂಡ್‌ನ ಮೀನಾಕ್ಷಿ ದೇವಸ್ಥಾನ, ಗ್ಯಾಲ್ವೆಸ್ಟನ್ ಸಮುದ್ರ, ಆಮೇಲೆ ಮಾಲ್‌ಗಳು. ಈ ಪಟ್ಟಿಗೆ ಇನ್ನೊಂದು ಸೇರಿಸಿಕೊಳ್ಳಿ ಅಂತ ಹೇಳಲು ಇದನ್ನು ಬರೆಯುತ್ತಿದ್ದೇನೆ. ಹ್ಯೂಸ್ಟನ್‌ನಿಂದ ಆಸ್ಟಿನ್‌ಗೆ ಹೋಗುವ 290ನೇ ನಂಬರ್ ಹೆದ್ದಾರಿಯಲ್ಲಿ ಬ್ರೆನ್‌ಹ್ಯಾಮ್ ಎಂಬ ಸಣ್ಣ ಊರಿದೆ. ಅಲ್ಲಿ ಬ್ಲಿನ್ ಎಂಬ ಜೂನಿಯರ್ ಕಾಲೇಜು, ಅಂದರೆ ಹೈಸ್ಕೂಲ್ ಮುಗಿಸಿದವರು ಎರಡು ವರ್ಷ ಓದುವ ಕಾಲೇಜು. ಅದರ ಫುಟ್‌ಬಾಲ್ ಪಂದ್ಯ ನೋಡಿ ಬಂದೆ. ಹೋಗಬಹುದಾ ಅಂತ ಕೇಳಿದರೆ, ಖಂಡಿತ ಹೋಗಿ ಎನ್ನುತ್ತೇನೆ.

ಇದು ನಾವು ತಿಳಿದ ಫುಟ್‌ಬಾಲ್ ಅಲ್ಲ. ಹೆಲ್ಮೆಟ್ ಹಾಕಿಕೊಂಡು, ಉದ್ದನೆಯ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಆಟ. ನನಗೆ ಇದರ ನಿಯಮಗಳು ಪೂರ್ತಿ ಗೊತ್ತಿಲ್ಲ. ನಾಲ್ಕು ಪ್ರಯತ್ನದೊಳಗೆ ಹತ್ತು ಗಜ ಮುಂದೆ ಹೋಗಬೇಕು, ಹೋದರೆ ಮತ್ತೆ ನಾಲ್ಕು ಪ್ರಯತ್ನ ಸಿಗುತ್ತದೆ. ಇಷ್ಟು ತಿಳಿದಿದ್ದರೆ ಕೂತು ನೋಡಲು ಸಾಕು. ಉಳಿದದ್ದನ್ನು ಪಕ್ಕದಲ್ಲಿ ಕೂತವರು ಹೇಳಿಕೊಡುತ್ತಾರೆ. ನನಗೆ ಮೊಮ್ಮಗ ಹೇಳಿಕೊಟ್ಟ.

ನಾನು ಹಾಸನದಲ್ಲಿ ವಕೀಲಿ ಮಾಡಿದವಳು. ಕ್ರಿಮಿನಲ್ ಕೇಸುಗಳೇ ಜಾಸ್ತಿ. ಬೈಕ್ ಕಳ್ಳತನ, ಹೊಡೆದಾಟ, ಜಾತ್ರೆಯಲ್ಲಿ ಕುಡಿದು ಮಾಡಿದ ಗಲಾಟೆ. ಇಂಥ ಕೇಸಿನಲ್ಲಿ ಸಿಕ್ಕಿಕೊಂಡ ಹದಿನೆಂಟು, ಹತ್ತೊಂಬತ್ತರ ಹುಡುಗರ ಪರವಾಗಿ ನಿಂತು ನಿಂತು ಕೂದಲು ಹಣ್ಣಾಯಿತು. ಅದಕ್ಕೇ ಮೊಮ್ಮಗ, 'ಅಜ್ಜೀ, ಕ್ಯಾಮ್ ನ್ಯೂಟನ್ ಪೊಲೀಸ್ ಕೇಸ್ ಆದಮೇಲೆ ಈ ಕಾಲೇಜಿಗೆ ಬಂದು ಆಡಿದ್ದು' ಅಂದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು.

ಆ ಕಥೆ ಹೀಗಿದೆ. ಈ ಆಟದಲ್ಲಿ ಮುಂದೆ ದೊಡ್ಡ ಹೆಸರು ಮಾಡಿದ ನ್ಯೂಟನ್ 2008ರಲ್ಲಿ ಫ್ಲೋರಿಡಾ ವಿಶ್ವವಿದ್ಯಾಲಯದ ತಂಡದಲ್ಲಿದ್ದ, ವಯಸ್ಸು 19. ನವೆಂಬರ್‌ನಲ್ಲಿ ಕದ್ದ ಲ್ಯಾಪ್‌ಟಾಪ್ ಒಂದರ ವಿಷಯದಲ್ಲಿ ಅವನನ್ನು ಬಂಧಿಸಿದರು. ಕನ್ನ ಹಾಕಿದ್ದು, ಕಳವು, ನ್ಯಾಯಕ್ಕೆ ಅಡ್ಡಿ, ಮೂರು ಆರೋಪ. ತಂಡದಿಂದ ಅಮಾನತಾಯಿತು. 2009ರ ಆರಂಭದಲ್ಲಿ ಬ್ರೆನ್‌ಹ್ಯಾಮ್‌ಗೆ ಬಂದ. ಅದೇ ವರ್ಷ ಬ್ಲಿನ್ ತಂಡ ಜೂನಿಯರ್ ಕಾಲೇಜುಗಳ ರಾಷ್ಟ್ರೀಯ ಚಾಂಪಿಯನ್ ಆಯಿತು. ಮರು ವರ್ಷ ಆಬರ್ನ್ ವಿಶ್ವವಿದ್ಯಾಲಯ ಸೇರಿ, ಕಾಲೇಜು ಫುಟ್‌ಬಾಲ್‌ನ ಅತಿ ದೊಡ್ಡ ಪ್ರಶಸ್ತಿಯಾದ ಹೈಸ್‌ಮನ್ ಗೆದ್ದ. 2011ರಲ್ಲಿ ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನ ಆಯ್ಕೆಯಲ್ಲಿ ಮೊಟ್ಟಮೊದಲ ಹೆಸರು ಅವನದು. 2015ರ ಋತುವಿನಲ್ಲಿ ಇಡೀ ಲೀಗ್‌ನ ಶ್ರೇಷ್ಠ ಆಟಗಾರ.

ಕೇಸು ಏನಾಯಿತು? ಕೋರ್ಟು ಒಪ್ಪಿದ ಒಂದು ಕಾರ್ಯಕ್ರಮಕ್ಕೆ ಅವನನ್ನು ಹಾಕಿದರು. ಇಂತಿಷ್ಟು ದಿನ ನಡತೆ ಸರಿಯಾಗಿರಬೇಕು, ಹಾಕಿದ ಷರತ್ತು ಪೂರೈಸಬೇಕು. ಪೂರೈಸಿದರೆ ವಿಚಾರಣೆಯೇ ಇಲ್ಲದೆ ಆರೋಪ ಬಿಡುತ್ತಾರೆ. ಅವನು ಪೂರೈಸಿದ, ಆರೋಪ ಬಿಟ್ಟರು.

ಈಗ ಪಂದ್ಯಕ್ಕೆ ಬರೋಣ. ಆಟ ನಡೆಯುವುದು ಊರಿನ ಹೈಸ್ಕೂಲ್ ತಂಡವೂ ಆಡುವ ಕಬ್ ಸ್ಟೇಡಿಯಂನಲ್ಲಿ. ಅಲ್ಲಿಂದ ಗಂಟೆಯೊಳಗೆ ಕಾಲೇಜ್ ಸ್ಟೇಷನ್‌ನಲ್ಲಿ ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ಕೈಲ್ ಫೀಲ್ಡ್ ಇದೆ, ಒಂದು ಲಕ್ಷಕ್ಕೂ ಜಾಸ್ತಿ ಜನ ಕೂರುವ ಸ್ಟೇಡಿಯಂ. ಅಳಿಯನ ಜೊತೆ ಅಲ್ಲಿಗೂ ಹೋಗಿದ್ದೇನೆ. ಅಲ್ಲಿ ಆಟಗಾರರು ದೂರದಲ್ಲಿ ಚುಕ್ಕಿಗಳ ಹಾಗೆ ಕಾಣುತ್ತಾರೆ, ದೊಡ್ಡ ಪರದೆ ನೋಡಿಯೇ ಖುಷಿಪಡಬೇಕು. ಬ್ರೆನ್‌ಹ್ಯಾಮ್‌ನಲ್ಲಿ ಹಾಗಲ್ಲ. ಕೋಚ್ ಬೈಯುವುದು ಕೇಳಿಸುತ್ತದೆ. ಹುಡುಗರ ಬೆವರು ಕಾಣಿಸುತ್ತದೆ. ಭುಜಕ್ಕೆ ಭುಜ ಬಡಿದ ಸದ್ದಿಗೆ ನಾನು ಮೊದಮೊದಲು ಬೆಚ್ಚಿಬಿದ್ದೆ. ಟಿಕೆಟ್ ದೊಡ್ಡ ಕಾಲೇಜಿನ ಟಿಕೆಟ್ ಮುಂದೆ ಏನೇನೂ ಅಲ್ಲ. ಕಾರು ನಿಲ್ಲಿಸಲು ಪರದಾಡಲಿಲ್ಲ. ಗೇಟಿನಲ್ಲಿದ್ದ ಹುಡುಗಿ ನನ್ನ ಸೀರೆ ನೋಡಿ, ಚೆನ್ನಾಗಿದೆ ಅಂದಳು.

ಹೋಗುವವರಿಗೆ ಒಂದೆರಡು ಮಾತು. ಋತು ಶುರುವಾಗುವುದು ಬೇಸಿಗೆಯ ಕೊನೆಯಲ್ಲಿ. ಟೆಕ್ಸಸ್ ಬಿಸಿಲು ಸಾಮಾನ್ಯದ್ದಲ್ಲ, ಕಲಬುರಗಿಯವರಿಗೆ ಮಾತ್ರ ಅಭ್ಯಾಸವಿರಬಹುದು. ಅಕ್ಟೋಬರ್ ಬಂದಮೇಲೆ ಹೋದರೆ ಹಿತ. ಟೋಪಿ ಇರಲಿ, ಮಂಡಿ ನೋವಿರುವವರು ಕೂರಲು ಒಂದು ಸಣ್ಣ ದಿಂಬು ತಗೊಳ್ಳಿ. ಆಟ ಲೆಕ್ಕಕ್ಕೆ ಒಂದು ಗಂಟೆಯದಾದರೂ ನಿಲ್ಲಿಸಿ ನಿಲ್ಲಿಸಿ ಆಡುವುದರಿಂದ ಮೂರು ಗಂಟೆ ಹಿಡಿಯುತ್ತದೆ. ಸಸ್ಯಾಹಾರಿಗಳು ಪಾಪ್‌ಕಾರ್ನ್ ನೆಚ್ಚಿಕೊಂಡು ಹೋಗಬೇಡಿ, ಹೊರಡುವ ಮೊದಲೇ ಊಟ ಮುಗಿಸಿ. ದಾರಿಯಲ್ಲಿ ಒಂದು ಹೋಟೆಲಿನಲ್ಲಿ ಬೀನ್ಸ್ ಸೂಪಿನೊಳಗೆ ಮಾಂಸದ ಚೂರು ಸಿಕ್ಕಿ ನಾನು ಹಸಿದುಕೊಂಡೇ ಎದ್ದೆ. ಬ್ಲೂ ಬೆಲ್ ಐಸ್‌ಕ್ರೀಂ ಈ ಊರಿನದೇ, ಅದರ ಕಂಪನಿ 1907ರಿಂದ ಇದೆ. ತಿನ್ನದೆ ಬರಬೇಡಿ.

ನನ್ನ ಪಕ್ಕದಲ್ಲಿ ಊರಿನ ಹಿರಿಯರೊಬ್ಬರು ಕೂತಿದ್ದರು. ಅವರ ಮಕ್ಕಳಾರೂ ಆಡುತ್ತಿರಲಿಲ್ಲ, ಆದರೂ ಪ್ರತಿ ಪಂದ್ಯಕ್ಕೂ ಬರುತ್ತಾರಂತೆ. ನಾನು ವಕೀಲೆ ಅಂತ ತಿಳಿದ ಮೇಲೆ ಅವರೇ ಒಂದು ವಿಷಯ ಒತ್ತಿ ಹೇಳಿದರು. ಜೂನಿಯರ್ ಕಾಲೇಜು ಅಂದರೆ ದಾರಿ ತಪ್ಪಿದವರ ಜಾಗ ಅಂತ ಹೊರಗಿನವರು ತಿಳಿಯುತ್ತಾರೆ, ಅದು ತಪ್ಪು. ಹೆಚ್ಚಿನ ಹುಡುಗರಿಗೆ ಕೇಸೂ ಇಲ್ಲ, ಗೀಸೂ ಇಲ್ಲ. ಒಬ್ಬನಿಗೆ ಮಾರ್ಕ್ಸ್ ಸಾಲಲಿಲ್ಲ. ಇನ್ನೊಬ್ಬನ ಎತ್ತರ ಎರಡು ಇಂಚು ಕಡಿಮೆ. ಮತ್ತೊಬ್ಬ ಯಾರೂ ತಿರುಗಿ ನೋಡದ ಹಳ್ಳಿ ಶಾಲೆಯವನು. ಎರಡು ವರ್ಷ ಇಲ್ಲಿ ಓದಿ ಆಡಿ, ನಾಲ್ಕು ವರ್ಷದ ಕಾಲೇಜಿನವರು ಕರೆದರೆ ಹೋಗುತ್ತಾರೆ. ಕರೆಯದಿದ್ದರೆ ಓದು ಮುಂದುವರಿಸುತ್ತಾರೆ, ಇಲ್ಲ ಕೆಲಸ ಹುಡುಕುತ್ತಾರೆ. ಈ ಮಾತು ಕೇಳಿದ ಮೇಲೆ ನಾನು ಆಟ ನೋಡಿದ ರೀತಿಯೇ ಬೇರೆಯಾಯಿತು. ಪಂದ್ಯ ಮುಗಿದು ಹುಡುಗರು ಹೊರಬಂದಾಗ, ಒಬ್ಬ ತಾಯಿ ಅಲ್ಯೂಮಿನಿಯಂ ಹಾಳೆ ಮುಚ್ಚಿದ ದೊಡ್ಡ ತಟ್ಟೆ ಹಿಡಿದು ನಿಂತಿದ್ದಳು. ಮಗ ತನಗಿಂತ ಮೊದಲು ಮೂವರು ಗೆಳೆಯರಿಗೆ ಬಡಿಸಿದ.

ನಮ್ಮಲ್ಲಿ ಇಂಥ ಎರಡನೇ ಅವಕಾಶ ಇಲ್ಲವಾ ಅಂತ ಅಳಿಯ ಕೇಳಿದರು. ಕಾನೂನಿನಲ್ಲಿ ಇದೆ. 1958ರ ಪ್ರೊಬೇಷನ್ ಕಾಯ್ದೆ. ಅದರ 4ನೇ ಕಲಂ ಪ್ರಕಾರ ಜೈಲಿಗೆ ಹಾಕದೆ, ನಡತೆಯ ಬಾಂಡ್ ಬರೆಸಿಕೊಂಡು ಬಿಡಬಹುದು. 21 ವರ್ಷದೊಳಗಿನವರನ್ನು, ಜೀವಾವಧಿಯಂಥ ದೊಡ್ಡ ಅಪರಾಧ ಅಲ್ಲದಿದ್ದರೆ, ಜೈಲಿಗೆ ಕಳಿಸುವ ಮುನ್ನ ಅದು ಯಾಕೆ ಬೇಕೇ ಬೇಕು ಅಂತ ಕೋರ್ಟು ಕಾರಣ ಬರೆಯಬೇಕು, ಅದು 6ನೇ ಕಲಂ. 12ನೇ ಕಲಂ ಇನ್ನೂ ಚೆನ್ನಾಗಿದೆ. ಹಾಗೆ ಬಿಟ್ಟವನಿಗೆ ಶಿಕ್ಷೆಯಾದ ಕಾರಣಕ್ಕೆ ಬರುವ ಅನರ್ಹತೆ ತಟ್ಟಬಾರದು ಅನ್ನುತ್ತದೆ.

ಆದರೆ ಕಾಗದದ ಮೇಲಿನದ್ದು ಬೇರೆ, ಊರಿನ ಬಾಯಿ ಬೇರೆ. ಅರಸೀಕೆರೆ ಕಡೆಯ ಒಬ್ಬ ಹುಡುಗನಿಗೆ ನಾನೇ ಪ್ರೊಬೇಷನ್ ಕೊಡಿಸಿದ್ದೆ. ಬೈಕ್ ಕದ್ದಿದ್ದ, ಒಪ್ಪಿಕೊಂಡ, ಬಾಂಡ್ ಅವಧಿಯಲ್ಲಿ ಒಂದು ದಿನವೂ ತಪ್ಪು ಮಾಡಲಿಲ್ಲ. ವೆಲ್ಡಿಂಗ್ ಕೆಲಸ ಬಲು ಚೆನ್ನಾಗಿ ಬರುತ್ತಿತ್ತು. ಕೆಲಸ ಕೇಳಲು ಹೋದಲ್ಲೆಲ್ಲ, 'ಆ ಬೈಕ್ ಕೇಸಿನವನಲ್ವಾ' ಅಂದರು. ಕೊನೆಗೆ ಊರು ಬಿಟ್ಟು ಪುಣೆ ಕಡೆ ಹೋದ. ನ್ಯೂಟನ್‌ಗೂ ಅವನಿಗೂ ಮೇಲಿದ್ದ ಆರೋಪದಲ್ಲಿ ದೊಡ್ಡ ವ್ಯತ್ಯಾಸ ಇರಲಿಲ್ಲ. ಇವನಿಗಾಗಿ ಕಾಯುವ ಕೋಚ್ ಇರಲಿಲ್ಲ, ಅಷ್ಟೇ.

ಇಲ್ಲಿಯೇ ನನಗೆ ಈ ವ್ಯವಸ್ಥೆಯ ಮೇಲೆ ತಕರಾರು ಇರುವುದು. ಬ್ಲಿನ್ ಮೇಲೆ ಅಲ್ಲ, ಒಟ್ಟು ಅಮೆರಿಕದ ಕಾಲೇಜು ಫುಟ್‌ಬಾಲ್ ಮೇಲೆ. ಎರಡನೇ ಅವಕಾಶವನ್ನು ಹಂಚುವುದು ಯಾರು? ಗೆಲ್ಲಬೇಕಾದ ತಂಡ. ಅಳತೆ ಏನು? ಎಷ್ಟು ವೇಗ ಓಡುತ್ತಾನೆ, ಎಷ್ಟು ದೂರ ಎಸೆಯುತ್ತಾನೆ. ಪಶ್ಚಾತ್ತಾಪ ಅಳೆಯುವವರು ಯಾರೂ ಕಾಣಿಸುವುದಿಲ್ಲ. ಅದೇ ಕಾಲೇಜಿನಲ್ಲಿ ಓದುವ, ಆಟ ಬಾರದ ಹುಡುಗ ಲ್ಯಾಪ್‌ಟಾಪ್ ಕದ್ದಿದ್ದರೆ, ಯಾರು ದೂರದ ಊರಿನಿಂದ ಫೋನ್ ಮಾಡಿ ಬಾ ಎನ್ನುತ್ತಿದ್ದರು?

ಇನ್ನೊಂದು ಇದಕ್ಕಿಂತ ಭಾರದ್ದು. ಕಳವು ಒಂದು, ಹೆಂಗಸಿನ ಮೇಲೆ ಕೈ ಮಾಡುವುದು ಇನ್ನೊಂದು. 2014ರಲ್ಲಿ ಒಕ್ಲಹೋಮ ವಿಶ್ವವಿದ್ಯಾಲಯದ ಆಟಗಾರ ಜೋ ಮಿಕ್ಸನ್ ಒಬ್ಬ ಯುವತಿಯ ಮುಖಕ್ಕೆ ಗುದ್ದಿದ. ಕೋರ್ಟು 100 ಗಂಟೆ ಸಮಾಜಸೇವೆ ಮತ್ತು ಕೌನ್ಸೆಲಿಂಗ್ ವಿಧಿಸಿತು. ತಂಡ ಒಂದು ಋತು ಹೊರಗಿಟ್ಟಿತು, ಆಮೇಲೆ ಅದೇ ತಂಡಕ್ಕೆ ಆಡಿದ. ಆ ಘಟನೆಯ ವಿಡಿಯೊ ಜನರ ಕಣ್ಣಿಗೆ ಬಿದ್ದದ್ದು 2016ರ ಡಿಸೆಂಬರ್‌ನಲ್ಲಿ. ಮುಂದಿನ ವರ್ಷ ಎನ್‌ಎಫ್‌ಎಲ್‌ಗೆ ಹೋದ. ಫ್ಲೋರಿಡಾ ಸ್ಟೇಟ್ ತಂಡದ ಡಿಆಂಡ್ರೆ ಜಾನ್ಸನ್ 2015ರಲ್ಲಿ ಬಾರ್‌ನಲ್ಲಿ ಒಬ್ಬ ಯುವತಿಗೆ ಗುದ್ದಿದ ವಿಡಿಯೊ ಕೆಲವೇ ದಿನಗಳಲ್ಲಿ ಹೊರಬಂತು, ತಂಡ ಕೂಡಲೇ ಕೈಬಿಟ್ಟಿತು. ಅವನು ಮಿಸಿಸಿಪಿಯ ಒಂದು ಜೂನಿಯರ್ ಕಾಲೇಜಿಗೆ ಹೋಗಿ, ಅಲ್ಲಿಂದ ಬೇರೆ ವಿಶ್ವವಿದ್ಯಾಲಯ ಸೇರಿದ. ಇಬ್ಬರೂ ಮಾಡಿದ್ದು ಒಂದೇ ಜಾತಿಯ ತಪ್ಪು. ಶಿಕ್ಷೆಯ ಅಳತೆ ಕ್ಯಾಮೆರಾದ ದೃಶ್ಯ ಯಾವಾಗ ಹೊರಬಂತು ಅನ್ನುವುದರ ಮೇಲೆ ನಿಂತಂತೆ ನನಗೆ ಕಂಡಿತು. ಕೋರ್ಟಿನಲ್ಲಿ ದುಡಿದವಳಿಗೆ ಇದು ನುಂಗಲಾರದ ತುತ್ತು.

ಇವರು ಮತ್ತೆ ಆಡಲೇಬಾರದಾ? ಹಾಗೆ ನಾನು ಹೇಳುವುದಿಲ್ಲ. ಇಪ್ಪತ್ತು ವರ್ಷದವನ ಬಾಗಿಲನ್ನು ಜೀವನಪೂರ್ತಿ ಮುಚ್ಚಿದರೆ ಅವನು ಸರಿಯಾಗುವುದಾದರೂ ಹೇಗೆ? ಆದರೆ ಬಾಗಿಲು ತೆರೆಯುವ ಮೊದಲು ಪೆಟ್ಟು ತಿಂದವಳನ್ನು ಯಾರಾದರೂ ಮಾತಾಡಿಸಿದರಾ? ಅವಳ ಆಸ್ಪತ್ರೆ ಖರ್ಚು, ತಪ್ಪಿಹೋದ ಕ್ಲಾಸುಗಳು, ಕ್ಯಾಂಪಸ್‌ನಲ್ಲಿ ಅವಳು ಪಟ್ಟ ಭಯ, ಇವುಗಳ ಲೆಕ್ಕ ಎಲ್ಲಿ? ನಮ್ಮ ಪ್ರೊಬೇಷನ್ ಕಾಯ್ದೆಯ 5ನೇ ಕಲಂನಲ್ಲಿ, ಬಿಡುಗಡೆಯ ಜೊತೆಗೇ ನೊಂದವರಿಗೆ ಪರಿಹಾರ ಕೊಡು ಅಂತ ಕೋರ್ಟು ಆದೇಶಿಸಬಹುದು. ನಾನು ಕಂಡಂತೆ ಅದನ್ನು ಕೇಳುವ ವಕೀಲರೂ ಕಡಿಮೆ. ಆದರೂ ಆ ಕಾನೂನು ಬರೆದವರ ತಲೆಯಲ್ಲಿ ಇನ್ನೊಬ್ಬರೂ ಇದ್ದರು ಅನ್ನುವುದು ನನಗೆ ಹೆಮ್ಮೆ.

ಇಲ್ಲಿಯೂ ಸ್ವಲ್ಪ ಬದಲಾಗಿದೆ. 2015ರಲ್ಲಿ ದಕ್ಷಿಣದ ದೊಡ್ಡ ಕಾಲೇಜುಗಳ ಕೂಟವಾದ ಎಸ್‌ಇಸಿ, ಲೈಂಗಿಕ ಹಲ್ಲೆ ಅಥವಾ ಮನೆಯೊಳಗಿನ ಹಿಂಸೆಗಾಗಿ ಹಿಂದಿನ ಕಾಲೇಜು ಶಿಕ್ಷಿಸಿದ ಆಟಗಾರರನ್ನು ಸೇರಿಸಿಕೊಳ್ಳಬಾರದು ಎಂಬ ನಿಯಮ ತಂದಿತು. 2017ರಲ್ಲಿ ಇಂಡಿಯಾನ ವಿಶ್ವವಿದ್ಯಾಲಯವೂ ಅಂಥದ್ದೇ ನಿಯಮ ಮಾಡಿತು. 2022ರಿಂದ, ಕಾಲೇಜು ಕ್ರೀಡೆಗಳನ್ನು ನಡೆಸುವ ರಾಷ್ಟ್ರೀಯ ಸಂಸ್ಥೆಯಾದ ಎನ್‌ಸಿಎಎಯ ಕಾಲೇಜುಗಳ ಆಟಗಾರರು ಇಂಥ ತನಿಖೆ, ಶಿಕ್ಷೆಗಳ ವಿವರವನ್ನು ಪ್ರತಿ ವರ್ಷ ತಾವೇ ತಿಳಿಸಬೇಕು. ತಿಳಿಸಿದ ಮೇಲೆ ಆಡಿಸಬೇಕಾ ಬೇಡವಾ ಅನ್ನುವುದು ಆಯಾ ಕಾಲೇಜಿಗೆ ಬಿಟ್ಟದ್ದು. ಮುಚ್ಚಿಡುವುದಕ್ಕಿಂತ ಇದು ಎಷ್ಟೋ ವಾಸಿ. ನಾನಾಗಿದ್ದರೆ ಇನ್ನೊಂದು ಷರತ್ತು ಸೇರಿಸುತ್ತಿದ್ದೆ. ನೊಂದವರ ಮಾತು ಕೇಳಿದ್ದೇವೆ ಅಂತ ಬರಹದಲ್ಲಿ ಕೊಡದೆ ಅವನಿಗೆ ಜೆರ್ಸಿ ಕೊಡಬೇಡಿ ಅಂತ.

ಬ್ರೆನ್‌ಹ್ಯಾಮ್ ಪಂದ್ಯಕ್ಕೆ ನಾನು ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಆ ಅರ್ಧ ಬಿಸಿಲಿಗೆ ಕಳೆದದ್ದು. ಆಟ ಇಷ್ಟಪಡುವವರು ಹೋಗಿ. ಆಟ ಗೊತ್ತಿಲ್ಲದವರೂ ಹೋಗಿ. ದೊಡ್ಡ ಸ್ಟೇಡಿಯಂ, ದೊಡ್ಡ ಬ್ಯಾಂಡು, ಭಾರೀ ಗದ್ದಲ ಬೇಕು ಎನ್ನುವವರು ಕಾಲೇಜ್ ಸ್ಟೇಷನ್‌ಗೆ ಹೋಗಿ, ಇಲ್ಲಿ ಸಿಗುವುದಿಲ್ಲ. ಹೈಸ್ಕೂಲ್ ಓದುವ ಮೊಮ್ಮಕ್ಕಳಿದ್ದರೆ ಕರೆದುಕೊಂಡು ಹೋಗಿ, ಅವರೇ ನಿಮಗೆ ನಿಯಮ ವಿವರಿಸುತ್ತಾರೆ. ಋತು ನವೆಂಬರ್‌ಗೆ ಮುಗಿಯುತ್ತದೆ, ಊರಿನಲ್ಲಿ ಆಡುವ ಪಂದ್ಯಗಳೂ ಕಡಿಮೆ. ಹಾಗಾಗಿ ವಿಮಾನದ ಟಿಕೆಟ್ ತೆಗೆಯುವ ಮೊದಲೇ ಕಾಲೇಜಿನ ವೆಬ್‌ಸೈಟ್‌ನಲ್ಲಿ ವೇಳಾಪಟ್ಟಿ ನೋಡಿಕೊಳ್ಳಿ.