ಮೂರು ವರ್ಷದಿಂದ ತಿಂಗಳ ಸಾಮಾನು ತರುತ್ತಿರುವ ಡಿಸ್ಕೌಂಟ್ ಅಂಗಡಿ: ರೇಟು ಚೆನ್ನಾಗಿದೆ, ಕೂರಲು ಒಂದು ಸ್ಟೂಲ್ ಇಲ್ಲ

ಮೈಸೂರಿನಲ್ಲಿ ಇಂಥ ಡಿಸ್ಕೌಂಟ್ ಅಂಗಡಿಗಳು ಈಗ ಹಲವು ಇವೆ. ನಾನು ಹೋಗುವುದು ಮನೆಯಿಂದ ಎರಡು ಕಿಲೋಮೀಟರ್ ದೂರದ್ದಕ್ಕೆ. ಹೆಸರು ಬೇಡ. ಎಷ್ಟು ಗಂಟೆಗೆ ತೆಗೆಯುತ್ತಾರೆ, ಪಾರ್ಕಿಂಗ್ ಹೇಗಿದೆ, ಯಾವ ಬ್ರ್ಯಾಂಡ್ ಸಿಗುತ್ತದೆ ಎಲ್ಲ ನಿಮಗೆ ಗೊತ್ತಿರುತ್ತದೆ, ಅದನ್ನು ಬಿಟ್ಟುಬಿಡುತ್ತೇನೆ.

ನಮ್ಮದು ಐದು ಜನದ ಮನೆ, ಒಂದೇ ಸಂಬಳ. ತಿಂಗಳ ಮೊದಲ ಭಾನುವಾರ ತಿಂಡಿ ಮುಗಿಸಿ ಹೊರಡುತ್ತೇವೆ. ಹಿಂದಿನ ರಾತ್ರಿಯೇ ಅತ್ತೆ ಡಬ್ಬಗಳನ್ನು ಒಂದೊಂದಾಗಿ ಅಲ್ಲಾಡಿಸಿ ನೋಡುತ್ತಾರೆ. "ಉದ್ದಿನಬೇಳೆ ಇನ್ನೂ ಹದಿನೈದು ದಿನ ಬರುತ್ತೆ, ಕಡ್ಲೆಬೇಳೆ ತಳ ಕಂಡಿದೆ, ಬರ್ಕೋ." ನಾನು ಹಳೆ ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದುಕೊಳ್ಳುತ್ತೇನೆ. ಅಂಗಡಿ ಬಾಗಿಲಲ್ಲಿ ನನ್ನ ಬ್ಯಾಗಿಗೆ ಪ್ಲಾಸ್ಟಿಕ್ ಟ್ಯಾಗ್ ಬಿಗಿಯುತ್ತಾರೆ. ಒಳಗೆ ಹೋದ ತಕ್ಷಣ ನಾನು ಸೀದಾ ಬಿಡಿ ಬೇಳೆಯ ಕಡೆ. ತೊಗರಿಬೇಳೆ ಒಳಗೆ ಕೈ ಇಳಿಸಿ ಮುಷ್ಟಿ ಮಾಡಿ ಎತ್ತಿದರೆ ಬೆರಳಿಗೆ ಪುಡಿ ಎಷ್ಟು ಅಂಟುತ್ತೆ ಅಂತ ಗೊತ್ತಾಗುತ್ತದೆ, ಪುಡಿ ಜಾಸ್ತಿ ಇದ್ದರೆ ಆ ತಿಂಗಳು ಅರ್ಧ ಕೆಜಿ ಅಷ್ಟೇ. ಅಕ್ಕಿ ಗಾಡಿಯ ತಳಕ್ಕೆ, ಅದರ ಮೇಲೆ ರವೆ, ಸೋಪು ಬೇರೆ ಚೀಲಕ್ಕೆ. ಈ ಒಂದೂವರೆ ಗಂಟೆ ನನಗೆ ನಿಜವಾಗಿಯೂ ಖುಷಿ. ಯಾರೂ ಬೇಗ ಹೇಳಮ್ಮ ಅನ್ನುವುದಿಲ್ಲ, ಮುಟ್ಟಿ, ರೇಟು ನೋಡಿ, ಬೇಡ ಅನ್ನಿಸಿದರೆ ವಾಪಸ್ ಇಡಬಹುದು.

ಉಳಿತಾಯವೂ ಸುಳ್ಳಲ್ಲ. ಮೊದಲ ಆರು ತಿಂಗಳು ಬಿಲ್ಲುಗಳನ್ನೆಲ್ಲ ಇಟ್ಟುಕೊಂಡು ನಮ್ಮ ಬೀದಿಯ ಶೆಟ್ರ ಅಂಗಡಿ ರೇಟಿನ ಜೊತೆ ಹೋಲಿಸಿದ್ದೆ. ನಮ್ಮ ಮನೆಗೆ ತಿಂಗಳಿಗೆ ಸುಮಾರು 750 ರೂಪಾಯಿ ಉಳಿಯುತ್ತದೆ. ವರ್ಷಕ್ಕೆ 9,000. ಮಗನ ಟ್ಯೂಷನ್ ಫೀಸಿನಲ್ಲಿ ಅರ್ಧ ಅಲ್ಲಿಂದಲೇ ಬರುತ್ತದೆ. ಒಂದು ವರ್ಷದ ಹಿಂದೆ ಬರೆದಿದ್ದರೆ 5ಕ್ಕೆ 5 ಕೊಡುತ್ತಿದ್ದೆ.

ಮನಸ್ಸಿಗೆ ಮೊದಲು ಚುಚ್ಚಿದ್ದು ಶೆಟ್ರನ್ನು ಅಲ್ಲೇ ಬಿಲ್ಲಿಂಗ್ ಸಾಲಿನಲ್ಲಿ ನೋಡಿದಾಗ. ಎಣ್ಣೆ ಪ್ಯಾಕೆಟ್ ಆಫರ್ ಇತ್ತು, ಒಬ್ಬರಿಗೆ ನಾಲ್ಕು ಮಾತ್ರ ಅಂತ ಬೋರ್ಡು. ಅವರು ಒಂದು ಸಾಲಿನಲ್ಲಿ, ಅವರ ಹೆಂಡತಿ ಇನ್ನೊಂದರಲ್ಲಿ, ಮಗ ಮತ್ತೊಂದರಲ್ಲಿ. ನನ್ನ ನೋಡಿ ತಲೆ ತಗ್ಗಿಸಿಕೊಂಡರು. ಹೊರಗೆ ಬಂದ ಮೇಲೆ ಅವರೇ ಹೇಳಿದರು, "ಇವರು ಮಾರೋ ರೇಟಿಗೆ ನಂಗೆ ಡಿಸ್ಟ್ರಿಬ್ಯೂಟರ್ ಕೊಡಲ್ಲ ಕಣಮ್ಮ. ಇಲ್ಲಿಂದ ತಗೊಂಡು ಹೋಗಿ ಮಾರಿದ್ರೇನೇ ಎರಡು ರೂಪಾಯಿ ಉಳಿಯೋದು." ದೊಡ್ಡವರು ಕಂಪನಿಯಿಂದ ನೇರವಾಗಿ ಲಾರಿಗಟ್ಟಲೆ ಎತ್ತುತ್ತಾರೆ, ಶೆಟ್ರು ಸಂತೆಪೇಟೆಯ ಸಗಟು ಅಂಗಡಿಯಿಂದಲೋ ಡಿಸ್ಟ್ರಿಬ್ಯೂಟರ್ ಹತ್ತಿರವೋ ಎರಡು ಮೂರು ಬಾಕ್ಸ್ ತರುತ್ತಾರೆ. ಇಬ್ಬರಿಗೂ ಒಂದೇ ರೇಟು ಹೇಗೆ ಸಿಕ್ಕೀತು?

2020ರ ಲಾಕ್‌ಡೌನಿನಲ್ಲಿ ನಮ್ಮೆಜಮಾನರಿಗೆ ಎರಡು ತಿಂಗಳು ಅರ್ಧ ಸಂಬಳ. ಆಗ ನಮ್ಮ ಮನೆ ನಡೆದಿದ್ದು ಶೆಟ್ರ ಲೆಕ್ಕದ ಪುಸ್ತಕದಲ್ಲಿ. ಕೇಳುವ ಮೊದಲೇ ಅಕ್ಕಿ ಚೀಲ ಕಳಿಸಿದ್ದರು. ಆ ಚೀಲ ಹೊತ್ತು ತಂದಿದ್ದ, ಪೇಪರಿನಲ್ಲಿ ಪೊಟ್ಟಣ ಕಟ್ಟಿ ದಾರ ಸುತ್ತುತ್ತಿದ್ದ ಹುಡುಗ ಈಗ ಅಂಗಡಿಯಲ್ಲಿಲ್ಲ. ಶೆಟ್ರೊಬ್ಬರೇ ಇರುತ್ತಾರೆ. ಈ ಯುಗಾದಿಯ ತನಕ ನಾನು ಅವರಲ್ಲಿ ತರುತ್ತಿದ್ದದ್ದು ಕೊತ್ತಂಬರಿ ಸೊಪ್ಪು, ಬೆಂಕಿಪೊಟ್ಟಣ, ದಿಢೀರನೆ ಬೇಕಾದ ಕಾಲು ಕೆಜಿ ಸಕ್ಕರೆ, ಅಷ್ಟೇ.

ಈಗ ನಾನು ಬರೆಯಲು ಕೂತ ವಿಷಯ. ಬಿಲ್ಲಿಂಗ್ ಕೌಂಟರಿನಲ್ಲಿ ಒಬ್ಬಳು ಹುಡುಗಿ ಇದ್ದಾಳೆ, ಇಪ್ಪತ್ತೆರಡು ಇರಬಹುದು. ಕೈ ತುಂಬ ಚುರುಕು, ಮೊಟ್ಟೆ ಟ್ರೇ ಬಂದರೆ ಮಾತ್ರ ನಿಧಾನವಾಗಿ ಎರಡು ಕೈಯಲ್ಲಿ ಎತ್ತಿಡುತ್ತಾಳೆ. ಹಬ್ಬದ ಹಿಂದಿನ ಭಾನುವಾರ ಸಂಜೆ ಸಾಲು ಬಾಗಿಲ ತನಕ ಇತ್ತು. ಚಿಲ್ಲರೆ ತೆಗೆದುಕೊಳ್ಳುವಾಗ ನನ್ನ ಕೈಯಿಂದ ಹತ್ತು ರೂಪಾಯಿ ನಾಣ್ಯ ಉರುಳಿ ಕೌಂಟರಿನ ಆಚೆ ಬಿತ್ತು. ಪಕ್ಕದಿಂದ ಬಗ್ಗಿ ನೋಡಿದೆ. ಅವಳು ಶೂ ಬಿಚ್ಚಿ ಪಕ್ಕಕ್ಕಿಟ್ಟು, ಬಿಸ್ಕತ್ತಿನ ರಟ್ಟಿನ ಡಬ್ಬ ಮಡಿಸಿ ಅದರ ಮೇಲೆ ನಿಂತಿದ್ದಳು. ಕಾಲುಚೀಲದ ಎಲಾಸ್ಟಿಕ್ ಇದ್ದ ಕಡೆ ಚರ್ಮ ಗೆರೆಯಾಗಿ ಒಳಗೆ ಹೋಗಿತ್ತು, ಅದರ ಕೆಳಗೆ ಪಾದ ಊದಿಕೊಂಡಿತ್ತು. ನಾಣ್ಯ ಕಾಲಿನಲ್ಲೇ ಈ ಕಡೆ ತಳ್ಳಿ, "ಸಾರಿ ಆಂಟಿ, ಸಂಜೆ ಆಯ್ತು ಅಂದ್ರೆ ಬಗ್ಗಕ್ಕಾಗಲ್ಲ" ಅಂದಳು.

ಆವತ್ತು ಎಲ್ಲ ಕೌಂಟರ್ ನೋಡಿದೆ. ಎಲ್ಲೂ ಕುರ್ಚಿ ಇಲ್ಲ, ಸ್ಟೂಲ್ ಇಲ್ಲ. ಆಮೇಲೆ ಪ್ರತಿ ತಿಂಗಳೂ ನೋಡುತ್ತಿದ್ದೇನೆ. ಒಂದು ಮಾತು ಹೇಳಲೇಬೇಕು, ಅವಳಿಗೆ ಸಂಬಳ ಬ್ಯಾಂಕಿಗೆ ಬರುತ್ತದೆ, ಪಿಎಫ್, ಇಎಸ್‌ಐ ಇದೆಯಂತೆ. ಶೆಟ್ರ ಅಂಗಡಿ ಹುಡುಗನಿಗೆ ಅದೇನೂ ಇರಲಿಲ್ಲ. ಆದರೆ ಅವನಿಗೆ ಮಧ್ಯಾಹ್ನ ಅಕ್ಕಿ ಮೂಟೆ ಮೇಲೆ ಕೂತು ಊಟ ಮಾಡಿ ಹಾಗೇ ಒಂದರ್ಧ ಗಂಟೆ ಒರಗಲು ಜಾಗ ಇತ್ತು. ನಮ್ಮ ರಾಜ್ಯದ 1961ರ ಅಂಗಡಿ ಕಾಯ್ದೆ ಕೆಲಸಕ್ಕೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಅಂತ ಮಿತಿ ಹಾಕಿತು. ಒಂಬತ್ತು ಗಂಟೆ ನಿಂತು ನೋಡಿ. ಮನೆಯಲ್ಲಿ ಹಬ್ಬದ ಅಡುಗೆಗೆ ಐದು ಗಂಟೆ ನಿಂತರೆ ನನಗೆ ರಾತ್ರಿ ಮೀನಖಂಡ ಸೆಳೆಯುತ್ತದೆ.

ಕುರ್ಚಿ ಕೇಳುವುದು ಹೊಸ ವಿಷಯವೇನಲ್ಲ. ನಮ್ಮಪ್ಪ ಕಾರ್ಖಾನೆಯಲ್ಲಿದ್ದವರು. 1948ರ ಕಾರ್ಖಾನೆ ಕಾಯ್ದೆಯಲ್ಲೇ ನಿಂತು ಕೆಲಸ ಮಾಡುವವರಿಗೆ ಬಿಡುವು ಸಿಕ್ಕಾಗ ಕೂರಲು ವ್ಯವಸ್ಥೆ ಇರಬೇಕು ಅಂತ ಬರೆದಿದ್ದರು, ಅಪ್ಪನ ಮಿಷಿನ್ ಪಕ್ಕ ಒಂದು ಬೆಂಚು ಇತ್ತು. ಕೋಳಿಕ್ಕೋಡಿನ ಮಿಠಾಯಿ ಬೀದಿಯ ಅಂಗಡಿಗಳ ಹೆಂಗಸರು ಇದಕ್ಕೇ ವರ್ಷಗಟ್ಟಲೆ ಹೋರಾಡಿದರು. ಅವರ ಮುಂದಾಳು ಪಿ. ವಿಜಿ ಟೈಲರ್ ಕೆಲಸ ಮಾಡುತ್ತಿದ್ದವರು. 2018ರಲ್ಲಿ ಕೇರಳ ಕಾನೂನು ತಿದ್ದಿ ಅಂಗಡಿ ಕೆಲಸದವರಿಗೆ ಕೂರುವ ಹಕ್ಕು ಕೊಟ್ಟಿತು, 2021ರಲ್ಲಿ ತಮಿಳುನಾಡು ಕೊಟ್ಟಿತು. ನಮ್ಮ ಎರಡೂ ಪಕ್ಕದ ಮನೆಯಲ್ಲಿ ಆಗಿದೆ ಅಂದ ಹಾಗೆ ಆಯಿತಲ್ವಾ.

ಕುರ್ಚಿ ಇಟ್ಟರೆ ಖರ್ಚು ಜಾಸ್ತಿ, ಬಿಲ್ಲಿಂಗ್ ನಿಧಾನ ಆಗುತ್ತೆ ಅನ್ನುವವರಿಗೆ ನನ್ನ ತಂಗಿ ಒಳ್ಳೆ ಉತ್ತರ ಕೊಟ್ಟಳು. ಅವಳು ಜರ್ಮನಿಯಲ್ಲಿದ್ದಾಳೆ, ತಿಂಗಳ ಸಾಮಾನು ಆಲ್ಡಿಯಲ್ಲಿ ತರುತ್ತಾಳೆ. ಅಗ್ಗದ ಅಂಗಡಿ ಅಂದರೆ ಜಗತ್ತಿಗೆಲ್ಲ ಗೊತ್ತಿರುವ ಹೆಸರು ಅದು. ಅಲ್ಲಿ ಕ್ಯಾಷಿಯರ್ ಕೂತೇ ಬಿಲ್ ಮಾಡುತ್ತಾರೆ, ಅಮೆರಿಕದ ಆಲ್ಡಿಯಲ್ಲೂ ಹಾಗೇ. "ಎಷ್ಟು ಸ್ಪೀಡು ಅಂದ್ರೆ ಅಕ್ಕ, ನಾನು ಚೀಲಕ್ಕೆ ತುಂಬೋದ್ರಲ್ಲಿ ಅವರದ್ದು ಮುಗಿದೇ ಹೋಗಿರುತ್ತೆ" ಅಂದಳು. ಹಾಗಿದ್ದರೆ ಇಲ್ಲಿ ಯಾಕಿಲ್ಲ? ನನಗೆ ಸಿಗುವ ರಿಯಾಯಿತಿ ಆ ಹುಡುಗಿಯ ಕಾಲಿನಿಂದ ಬರಬೇಕಾಗಿಲ್ಲ.

ಮ್ಯಾನೇಜರ್ ಹತ್ತಿರ ಎರಡು ಸಲ ಕೇಳಿದೆ. "ಹೆಡ್ ಆಫೀಸಿಂದ ಬರಬೇಕು ಮೇಡಂ" ಅಂದರು. ಸಲಹೆ ಪುಸ್ತಕದಲ್ಲಿ ಮೂರು ತಿಂಗಳು ಬರೆದೆ, ಮೂರನೇ ಸಲ ನನ್ನ ಕೆಳಗೆ ಇನ್ನಿಬ್ಬರು ಸಹಿ ಹಾಕಿದರು. ಸ್ಟೂಲ್ ನಾನೇ ತಂದು ಕೊಡಲಾ ಅಂತ ಅವಳನ್ನು ಕೇಳಿದಾಗ ಗಾಬರಿಯಾಗಿ, "ಬೇಡ ಆಂಟಿ, ನಾನು ಏಜೆನ್ಸಿಯವಳು, ನಾಳೆ ಬರಬೇಡ ಅಂತಾರೆ" ಅಂದಳು. ಅದಕ್ಕೇ ಅವಳ ಹೆಸರು, ಕೌಂಟರ್ ನಂಬರ್ ಬರೆದಿಲ್ಲ. ನೀವೂ ಅಲ್ಲಿ ಅವಳನ್ನು ಹುಡುಕಿಕೊಂಡು ಹೋಗಿ ಮಾತಾಡಿಸಬೇಡಿ, ಪುಸ್ತಕದಲ್ಲಿ ಬರೆಯಿರಿ.

ಹೋಗುವುದನ್ನು ನಿಲ್ಲಿಸಿಲ್ಲ, 9,000 ರೂಪಾಯಿ ಬಿಡುವ ಶಕ್ತಿ ನಮಗಿಲ್ಲ. ಆದರೆ ಎಣ್ಣೆ, ಬೆಲ್ಲ, ಕಡ್ಲೆಬೇಳೆ ಮೂರನ್ನು ಈ ಯುಗಾದಿಯಿಂದ ಶೆಟ್ರ ಹತ್ತಿರವೇ ತರುತ್ತಿದ್ದೇನೆ. ತಿಂಗಳಿಗೆ 120 ರೂಪಾಯಿ ಜಾಸ್ತಿ ಆಗುತ್ತದೆ, ಅಷ್ಟು ಹೊಂದಿಸಿಕೊಳ್ಳುತ್ತೇವೆ.

ಸದ್ಯಕ್ಕೆ 5ಕ್ಕೆ 2. ಬರುವ ತಿಂಗಳ ಮೊದಲ ಭಾನುವಾರ ಮತ್ತೆ ಹೋಗುತ್ತೇನೆ, ಕೌಂಟರಿನ ಹಿಂದೆ ಸ್ಟೂಲ್ ಕಂಡರೆ ಅವತ್ತೇ ಇದನ್ನು ತಿದ್ದುತ್ತೇನೆ.