ಕನ್ಸಲ್ಟೆಂಟ್ ಕೈಲಿ ಪೊಲ್ಯೂಷನ್ ಎನ್‌ಒಸಿ ಮಾಡಿಸಿದ್ದು, ಆಮೇಲೆ ನಾನೇ ಮಾಡಿಕೊಂಡಿದ್ದು: ಹಾಸನದಿಂದ ಏಳು ವರ್ಷದ ಅನುಭವ

ಹಾಸನದ ಗ್ರೋತ್ ಸೆಂಟರ್ ಇಂಡಸ್ಟ್ರಿಯಲ್ ಏರಿಯಾದಲ್ಲಿ ನಮ್ಮದೊಂದು ಸಣ್ಣ ಮಸಾಲೆ ಪುಡಿ ಘಟಕ. ಖಾರದ ಪುಡಿ, ಧನಿಯಾ ಪುಡಿ, ಸಾರಿನ ಪುಡಿ. 2018ರಲ್ಲಿ ಶುರು ಮಾಡಿದಾಗ ಪೊಲ್ಯೂಷನ್ ಬೋರ್ಡಿನ ಕೆಲಸಕ್ಕೆ ಒಬ್ಬ ಕನ್ಸಲ್ಟೆಂಟ್ ಹಿಡಿದೆ. ಹೆಸರು ಬೇಡ ಬಿಡಿ. ನಾಲ್ಕು ವರ್ಷ ಅವರ ಕೈಲಿ, ಆಮೇಲೆ ಮೂರು ವರ್ಷ ನಾನೇ. ಎರಡನ್ನೂ ನೋಡಿರುವುದರಿಂದ ಈ ವಿಮರ್ಶೆ.

ಬೋರ್ಡು ಕೊಡುವ ಅನುಮತಿಯನ್ನು ಊರಲ್ಲೆಲ್ಲ ಎನ್‌ಒಸಿ, ಅಂದರೆ ಆಕ್ಷೇಪಣೆ ಇಲ್ಲ ಅನ್ನುವ ಪತ್ರ ಅಂತಾರೆ. ಬ್ಯಾಂಕಿನವರೂ ಹಾಗೇ ಕೇಳುತ್ತಾರೆ. ನಿಜಕ್ಕೂ ಅವು ಎರಡು ಕನ್ಸೆಂಟ್‌ಗಳು, ಅಂದರೆ ಒಪ್ಪಿಗೆ ಪತ್ರಗಳು. ಕಟ್ಟಡ, ಮಷಿನ್ ಹಾಕುವ ಮೊದಲು ಸಿಎಫ್‌ಇ (ಸ್ಥಾಪನೆಗೆ ಒಪ್ಪಿಗೆ). ಮಷಿನ್ ಓಡಿಸುವ ಮೊದಲು ಸಿಎಫ್‌ಒ (ನಡೆಸಲು ಒಪ್ಪಿಗೆ). 1974ರ ನೀರಿನ ಕಾಯ್ದೆ, 1981ರ ಗಾಳಿಯ ಕಾಯ್ದೆ, ಎರಡರ ಕೆಳಗೂ ಬೇಕು. ಎಷ್ಟು ಕಟ್ಟಬೇಕು ಅನ್ನುವುದು ನಿಮ್ಮ ಉದ್ಯಮದ ಬಣ್ಣದ ಮೇಲೆ, ಅಂದರೆ ಎಷ್ಟು ಮಾಲಿನ್ಯ ಮಾಡುತ್ತದೆ ಅನ್ನುವ ವರ್ಗದ ಮೇಲೆ: ಕೆಂಪು, ಕಿತ್ತಳೆ, ಹಸಿರು. ಬಿಳಿ ಆದರೆ ಕನ್ಸೆಂಟೇ ಬೇಡ. ಫೀಸಿಗೆ ನಿಮ್ಮ ಬಂಡವಾಳವನ್ನೂ ಲೆಕ್ಕ ಹಾಕುತ್ತಾರೆ, ಅದಕ್ಕೆ ಸಿಎ ಸರ್ಟಿಫಿಕೇಟ್ ಬೇಕು.

ಕನ್ಸಲ್ಟೆಂಟ್ ಬಗ್ಗೆ ಮೊದಲು ಒಳ್ಳೆಯದು ಹೇಳುತ್ತೇನೆ. ಲೇಔಟ್ ಡ್ರಾಯಿಂಗ್, ಪ್ರಾಜೆಕ್ಟ್ ರಿಪೋರ್ಟ್ ಎಲ್ಲ ಚೊಕ್ಕವಾಗಿ ಮಾಡಿಕೊಟ್ಟರು. ನನಗೆ ಆಗ ಇದರ ತಲೆಬುಡ ಗೊತ್ತಿರಲಿಲ್ಲ. ಕೊಟ್ಟ ದುಡ್ಡಿಗೆ ಮೊದಲ ಸಲ ಮೋಸ ಆಗಲಿಲ್ಲ.

ಪೆಟ್ಟು ಬಿದ್ದಿದ್ದು 2022ರಲ್ಲಿ. ದಸರಾಕ್ಕೆ ಮೊದಲು ಆರ್ಡರ್ ಜಾಸ್ತಿ ಆಯ್ತು ಅಂತ ಇನ್ನೊಂದು ಪಲ್ವರೈಸರ್, ಅಂದರೆ ಬೀಸುವ ಮಷಿನ್ ತಂದೆ. ಏಳೂವರೆ ಎಚ್‌ಪಿ. ಮೊದಲಿದ್ದ ಪಲ್ವರೈಸರ್, ರೋಸ್ಟರ್, ಜರಡಿ ಎಲ್ಲ ಸೇರಿ ಹದಿನೈದೂವರೆ. ಕೂಡಿದರೆ ಇಪ್ಪತ್ಮೂರು. 2016ರ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪಟ್ಟಿಯಲ್ಲಿ ಮಸಾಲೆ ಬೀಸುವುದು 20 ಎಚ್‌ಪಿವರೆಗೆ ಹಸಿರು, ಅದರ ಮೇಲೆ ಕಿತ್ತಳೆ. ಅಂದರೆ ಒಂದು ಮೋಟಾರು ನಮ್ಮ ಬಣ್ಣವನ್ನೇ ಬದಲಾಯಿಸಿತು. ವಿಸ್ತರಣೆಗೆ ಮತ್ತೆ ಸಿಎಫ್‌ಇ, ಮತ್ತೆ ಸಿಎಫ್‌ಒ ಬೇಕು. ಮಷಿನ್ ತರುವ ಮೊದಲು ನಾನು ಕನ್ಸಲ್ಟೆಂಟ್‌ಗೆ ಫೋನ್ ಮಾಡಿ ಕೇಳಿದ್ದೆ. "ಏನೂ ಆಗಲ್ಲ ಸರ್, ಹಾಕ್ಕೊಳ್ಳಿ" ಅಂದಿದ್ದರು. ಎಷ್ಟು ಎಚ್‌ಪಿ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಹೊಸ ಅರ್ಜಿ ಹಾಕೋಣ ಅಂತ ಹೊರಟಾಗ ಎರಡನೇ ಪೆಟ್ಟು. ಬೋರ್ಡಿನ ಆನ್‌ಲೈನ್ ಪೋರ್ಟಲ್‌ನಲ್ಲಿ ನಮ್ಮ ಘಟಕವನ್ನು ನೋಂದಾಯಿಸಿದ್ದು ಅವರ ಮೊಬೈಲ್, ಅವರ ಇಮೇಲ್ ಕೊಟ್ಟು. ಒಟಿಪಿ ಅವರಿಗೇ ಹೋಗುತ್ತದೆ. ಬೋರ್ಡಿನವರು ಒಂದು ಸ್ಪಷ್ಟನೆ ಕೇಳಿದ್ದು ಅವರ ಇನ್‌ಬಾಕ್ಸ್‌ನಲ್ಲಿ ಮೂರು ವಾರ ಸುಮ್ನೆ ಬಿದ್ದಿತ್ತು. ಬೋರ್ಡಿನವರು ಸುಮ್ಮನೆ ಕೂತಿದ್ದಾರೆ ಅಂತ ನಾನು ಅಷ್ಟು ದಿನ ಎಲ್ಲರ ಹತ್ತಿರ ಗೊಣಗಿಕೊಂಡು ಓಡಾಡಿದ್ದೆ. ನೀರಿನ ಕಾಯ್ದೆಯಲ್ಲಿ 4 ತಿಂಗಳೊಳಗೆ ತೀರ್ಮಾನ ಆಗದಿದ್ದರೆ ಕನ್ಸೆಂಟ್ ಸಿಕ್ಕಂತೆಯೇ ಅಂತ ಇದೆ. ಆದರೆ ಆ ದಿನಗಳ ಲೆಕ್ಕ ಶುರುವಾಗುವುದು ಅರ್ಜಿ ಪೂರ್ತಿ ಇದ್ದಾಗ ಮಾತ್ರ. ಕೇಳಿದ್ದಕ್ಕೆ ಉತ್ತರವೇ ಕೊಡದವನು ಯಾವ ಮುಖ ಇಟ್ಟುಕೊಂಡು ದಿನ ಎಣಿಸೋದು, ಅಲ್ವಾ?

ಅಲ್ಲಿಂದ ನಾನೇ ಕೂತೆ. ಮೊದಲು ಮೊಬೈಲ್ ನಂಬರ್ ಬದಲಾಯಿಸಿದೆ. ಆಮೇಲೆ ಹಳೆಯ ಕನ್ಸೆಂಟ್ ತೆಗೆದು ಷರತ್ತುಗಳನ್ನು ಒಂದೊಂದಾಗಿ ಓದಿದೆ. ನಾಲ್ಕು ವರ್ಷ ಫ್ರೇಮ್ ಹಾಕಿಸಿ ಗೋಡೆಗೆ ತೂಗು ಹಾಕಿದ್ದೆ, ಓದಿದ್ದು ಅದೇ ಮೊದಲು.

ಜನರೇಟರ್ ಚಿಮಣಿ ತಗೊಳ್ಳಿ. ಸೂತ್ರ ಸರಳ. ಜನರೇಟರ್ ಸಾಮರ್ಥ್ಯ ಎಷ್ಟು ಕೆವಿಎಯೋ ಅದರ ವರ್ಗಮೂಲ ತೆಗೆದು 0.2ರಿಂದ ಗುಣಿಸಿ. ಬಂದಷ್ಟು ಮೀಟರ್, ಕಟ್ಟಡದ ಎತ್ತರಕ್ಕಿಂತ ಮೇಲೆ ಪೈಪ್ ಇರಬೇಕು. ನಮ್ಮದು 25 ಕೆವಿಎ. ವರ್ಗಮೂಲ 5, ಗುಣಿಸಿದರೆ 1 ಮೀಟರ್. ಏಣಿ ಹಾಕಿ ಹತ್ತಿ ಟೇಪ್ ಹಿಡಿದರೆ ನಮ್ಮ ಪೈಪ್ ಚಾವಣಿ ಶೀಟಿನಿಂದ ಮೇಲೆ ಒಂದೂವರೆ ಅಡಿಯೂ ಇಲ್ಲ! ವೆಲ್ಡಿಂಗ್‌ನವನನ್ನು ಕರೆಸಿ ಒಂದು ಮಧ್ಯಾಹ್ನದಲ್ಲಿ ಮುಗಿಸಿದೆವು. ಡ್ರಾಯಿಂಗ್‌ನಲ್ಲಿ ಮಾತ್ರ ಅದು ಮೊದಲಿಂದಲೂ ಸರಿಯಾಗಿಯೇ ಇತ್ತು.

ಧೂಳಿನದು ಇನ್ನೊಂದು ಕಥೆ. ಎದುರಿಗೆ ಒಂದು ಟೀ ಅಂಗಡಿ ಇದೆ. ಆಷಾಢದ ಗಾಳಿಯಲ್ಲಿ ಬ್ಯಾಡಗಿ ಮೆಣಸಿನಕಾಯಿ ಬೀಸಿದ ದಿನ ಅವನು ಬಂದೇ ಬರುತ್ತಿದ್ದ. "ಅಣ್ಣಾ, ಗಿರಾಕಿಗಳು ಟೀ ಕುಡಿತಿಲ್ಲ, ಬರೀ ಸೀನ್ತಾವ್ರೆ." ಮೊದಲಿದ್ದ ಸೈಕ್ಲೋನ್ ಅನ್ನುವ ಧೂಳು ಹಿಡಿಯುವ ಸಾಧನ ದಪ್ಪ ಪುಡಿಯನ್ನಷ್ಟೇ ಹಿಡಿಯುತ್ತಿತ್ತು. ಹೊಸ ಪಲ್ವರೈಸರ್ ಜೊತೆ ಬ್ಯಾಗ್ ಫಿಲ್ಟರ್ ಹಾಕಿಸಿದೆ. ಕೈ ಸುಟ್ಟಿತು, ಆದರೆ ಬಟ್ಟೆ ಚೀಲದಲ್ಲಿ ಸಿಗುವ ನಯವಾದ ಪುಡಿಯನ್ನು ನೋಡಿದರೆ ಇಷ್ಟು ದಿನ ಎಷ್ಟು ಮಾಲು ಗಾಳಿಗೆ ಹೋಗಿತ್ತು ಅಂತ ಹೊಟ್ಟೆ ಉರಿಯಿತು.

ಎಲ್ಲರೂ ನನ್ನ ಹಾಗೆ ಮಾಡಿ ಅಂತ ಹೇಳುವುದಿಲ್ಲ. ಬೆಂಗಳೂರಿನ ಪೀಣ್ಯದಲ್ಲಿ ನಮ್ಮ ಭಾವನದು ಎಲೆಕ್ಟ್ರೋಪ್ಲೇಟಿಂಗ್. ಕೆಂಪು ವರ್ಗ. ಕೊಳಚೆ ನೀರು ಶುದ್ಧ ಮಾಡುವ ಘಟಕ, ಇಟಿಪಿ ಬೇಕು. ಅದರ ಕೆಸರು ಅಪಾಯಕಾರಿ ತ್ಯಾಜ್ಯ, ಅದಕ್ಕೆ ಬೇರೆ ಅನುಮತಿ. ಲಾರಿಯಲ್ಲಿ ಹೊರಗೆ ಕಳಿಸಿದರೆ ಪ್ರತಿ ಲೋಡಿಗೂ ಮ್ಯಾನಿಫೆಸ್ಟ್, ಅಂದರೆ ಸಾಗಣೆಯ ದಾಖಲೆ ಪತ್ರ. ಬೆಂಗಳೂರಿನಲ್ಲಿ ಬೋರ್ಡಿನ ಪ್ರಾದೇಶಿಕ ಕಚೇರಿಗಳೂ ಹಲವು, ನಮ್ಮ ಜಾಗ ಯಾವುದಕ್ಕೆ ಸೇರುತ್ತದೆ ಅಂತ ಮೊದಲು ತಿಳಿದುಕೊಳ್ಳಬೇಕು. ಅವರು ಕನ್ಸಲ್ಟೆಂಟ್ ಬಿಟ್ಟರೆ ಕೆಟ್ಟರು. ಸಕಲೇಶಪುರದ ಕಡೆ ಕಾಫಿ ಪಲ್ಪಿಂಗ್ (ಹಣ್ಣಿನ ಸಿಪ್ಪೆ ತೆಗೆಯುವುದು) ನೀರಿನ ತಲೆನೋವು ಇರುವವರಿಗೂ ಇದೇ ಮಾತು.

ನನ್ನ ಹಾಗೆ ಒಣ ಪುಡಿ ಮಾಡುವವರಿಗೆ ಅಷ್ಟು ಬೇಡ. ವರ್ಷಕ್ಕೆ ನೆನಪಿಡಬೇಕಾದ ದಿನ ಒಂದೇ, ಸೆಪ್ಟೆಂಬರ್ 30. ಅಷ್ಟರಲ್ಲಿ ಫಾರಂ 5, ಅಂದರೆ ಪರಿಸರ ಹೇಳಿಕೆ ಕೊಡಬೇಕು. ನಾನು ಒಂದು ಸಲ ಮರೆತಿದ್ದೇನೆ. ಈಗ ಗೌರಿ ಹಬ್ಬ ಮುಗಿದ ತಕ್ಷಣ ಫೈಲ್ ತೆಗೆಯುತ್ತೇನೆ. ಹೊಸದಾಗಿ ಶುರು ಮಾಡುವವರು ನನ್ನ 20 ಎಚ್‌ಪಿ ಲೆಕ್ಕ ನಂಬಿ ಕೂರಬೇಡಿ, 2025ರಲ್ಲಿ ವರ್ಗಗಳ ಪಟ್ಟಿ ಪರಿಷ್ಕರಣೆ ಆಗಿದೆ, ಅದನ್ನೇ ನೋಡಿ.

ಕನ್ಸಲ್ಟೆಂಟ್ ಸೇವೆಗೆ ಐದಕ್ಕೆ ಎರಡೂವರೆ. ಆ ಅರ್ಧ ಡ್ರಾಯಿಂಗ್‌ಗೆ. ಈಗಲೂ ಡ್ರಾಯಿಂಗ್ ಮಾತ್ರ ಹೊರಗೆ ಮಾಡಿಸುತ್ತೇನೆ, ಆದರೆ ಅದು ಬಂದ ಮೇಲೆ ಟೇಪ್ ತಗೊಂಡು ಏಣಿ ಹತ್ತುತ್ತೇನೆ.